ಮಡಗಾಸ್ಕರ್‌ಗೆ ಹೊರಡುವ ಮುನ್ನ: ಕಿಲೋಮೀಟರ್ ಬಿಡಿ, ಗಂಟೆ ಲೆಕ್ಕ ಹಾಕಿ

ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರೆಲ್ಲ ಅಲ್ಲಿನ ಕಲ್ಲುಕಂಬಗಳ ಮೇಲೆ ನಿಂತು ಫೋಟೊ ತೆಗೆಸಿಕೊಂಡೇ ಬರುತ್ತಾರೆ. ಆ ಕಂಬಗಳು ಸುಮಾರು 8.8 ಕೋಟಿ ವರ್ಷ ಹಿಂದಿನ ಲಾವಾ. ಒಂದಾಗಿದ್ದ ಭಾರತ ಮತ್ತು ಮಡಗಾಸ್ಕರ್ ಬಿರುಕು ಬಿಟ್ಟು ದೂರವಾಗುತ್ತಿದ್ದ ಕಾಲದಲ್ಲಿ ಉಕ್ಕಿದ್ದು ಎನ್ನುತ್ತಾರೆ ಭೂವಿಜ್ಞಾನಿಗಳು. ಮಡಗಾಸ್ಕರಿನ ಈಶಾನ್ಯ ಭಾಗದ ಹಳೆಯ ಬಂಡೆಗಳನ್ನು ಅವರು ನಮ್ಮ ಧಾರವಾಡದ ಶಿಲೆಗಳ ಜೊತೆಗಿಟ್ಟೇ ಓದುತ್ತಾರೆ. ನೆಲದ ನಂಟು ಇಷ್ಟು ಹತ್ತಿರದ್ದಾದರೂ ಬೆಂಗಳೂರಿನಿಂದ ಅಲ್ಲಿಗೆ ನೇರ ವಿಮಾನವಿಲ್ಲ. ನಮ್ಮ ಟೂರ್ ಕಂಪನಿಗಳ ಪಟ್ಟಿಯಲ್ಲಿ ಆ ದೇಶದ ಹೆಸರು ಸಿಗುವುದೂ ಅಪರೂಪ. ಹೋಗಬೇಕೆಂದರೆ ತಯಾರಿಯೆಲ್ಲ ನಿಮ್ಮ ತಲೆಯ ಮೇಲೇ ಬೀಳುತ್ತದೆ.

ತಯಾರಿಯಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ, ನಕ್ಷೆ ನೋಡುವಾಗ. ಮಡಗಾಸ್ಕರ್ ಪ್ರಪಂಚದ ನಾಲ್ಕನೇ ದೊಡ್ಡ ದ್ವೀಪ. ವಿಸ್ತೀರ್ಣದಲ್ಲಿ ಕರ್ನಾಟಕದ ಮೂರು ಪಟ್ಟು, ಉತ್ತರದಿಂದ ದಕ್ಷಿಣಕ್ಕೆ ಸುಮಾರು 1,600 ಕಿ.ಮೀ. ನಕ್ಷೆಯ ಮೇಲೆ ಬೆರಳಿಟ್ಟು ‘ಇಲ್ಲಿಂದ ಅಲ್ಲಿಗೆ ಇನ್ನೂರು ಕಿಲೋಮೀಟರ್, ನಾಲ್ಕು ಗಂಟೆ ಸಾಕು’ ಅಂದುಕೊಂಡರೆ ಕೆಟ್ಟಿರಿ. ಪಶ್ಚಿಮದ ಮಣ್ಣುದಾರಿಯಲ್ಲಿ ಇನ್ನೂರು ಕಿಲೋಮೀಟರೆಂದರೆ ಬೆಳಗಿನ ಐದು ಗಂಟೆಗೆ ಹೊರಟು ಸಂಜೆ ಮುಟ್ಟುವ ದೂರ. ಮಳೆಗಾಲವಾದರೆ ಆ ದಾರಿಯೇ ಇರುವುದಿಲ್ಲ. ಹಾಗಾಗಿ ದಿನಚರಿ ಬರೆಯುವಾಗ ಕಿಲೋಮೀಟರ್ ಕಾಲಮ್ಮನ್ನು ಹೊಡೆದುಹಾಕಿ, ಗಂಟೆಗಳ ಕಾಲಮ್ ಮಾತ್ರ ಇಟ್ಟುಕೊಳ್ಳಿ. ಎರಡು ವಾರದ ರಜೆಯಲ್ಲಿ ಒಂದು ದಿಕ್ಕು ನೋಡಬಹುದು. ಉಳಿದ ಮೂರು ದಿಕ್ಕುಗಳ ಆಸೆ ಬಿಡಬೇಕು.

ಯಾವ ದಿಕ್ಕು? ರಾಜಧಾನಿ ಅಂಟನನರಿವೊದಿಂದ (ಎಲ್ಲರೂ ‘ಟಾನಾ’ ಅನ್ನುತ್ತಾರೆ) ದಕ್ಷಿಣಕ್ಕೆ ತೂಲಿಯಾರಾವರೆಗೆ ಹೋಗುವ ಏಳನೇ ರಾಷ್ಟ್ರೀಯ ಹೆದ್ದಾರಿ ಪ್ರವಾಸಿಗರ ಹಳೆಯ ದಾರಿ. ಸುಮಾರು 950 ಕಿ.ಮೀ. ಉದ್ದಕ್ಕೂ ರನೊಮಫನಾದ ಮಳೆಕಾಡು, ಅಂಜಾದ ಬಳೆಬಾಲದ ಲೀಮರ್‌ಗಳು, ಇಸಾಲೊದ ಮರಳುಗಲ್ಲಿನ ಕಣಿವೆಗಳು ಸಿಗುತ್ತವೆ. ಮೊದಲ ಸಲ ಹೋಗುವವರಿಗೆ, ಮಕ್ಕಳನ್ನು ಕರೆದೊಯ್ಯುವವರಿಗೆ ಇದೇ ಸರಿ. ಇನ್ನೊಂದು ತುದಿಯಲ್ಲಿದೆ ಈಶಾನ್ಯ. ಅಲ್ಲಿನ ಮರೊಜೆಜಿ ಶಿಖರ 2,132 ಮೀಟರ್. ಕಾಡೊಳಗಿನ ಮೂರು ಕ್ಯಾಂಪ್ ದಾಟಿ ಹತ್ತಬೇಕು, ಮಳೆ ಯಾವಾಗಲೂ ಬೆನ್ನಿಗಂಟಿಕೊಂಡೇ ಇರುತ್ತದೆ, ಇಂಬಳಗಳೂ ಇವೆ. ಮಲೆನಾಡಿನವರಿಗೆ ಅದೇನು ಹೊಸತಲ್ಲ ಬಿಡಿ. ಅದು ವೆನಿಲ್ಲಾ ಸೀಮೆ. 2000ದ ಏಪ್ರಿಲ್‌ನಲ್ಲಿ ಹುಡಾ ಚಂಡಮಾರುತ ಅಲ್ಲಿನ ತೋಟಗಳನ್ನು ನೆಲಸಮ ಮಾಡಿದ ಮೇಲೆ ವೆನಿಲ್ಲಾ ದರ ಆಕಾಶಕ್ಕೇರಿತು. ದಕ್ಷಿಣ ಕನ್ನಡ, ಶಿವಮೊಗ್ಗ, ಕೊಡಗಿನ ಎಷ್ಟೋ ಅಡಿಕೆ–ಕಾಫಿ ಬೆಳೆಗಾರರು ಬಳ್ಳಿ ನೆಟ್ಟಿದ್ದೂ, ಕೆಲವೇ ವರ್ಷಗಳಲ್ಲಿ ದರ ನೆಲಕಚ್ಚಿ ಕೈಸುಟ್ಟುಕೊಂಡಿದ್ದೂ ಆ ಕಾಲದ ಕಥೆ.

ಸಾಹಸ ಬೇಕು, ಆದರೆ ಪ್ರಾಣದ ಮೇಲೆ ಬರಬಾರದು ಎನ್ನುವವರಿಗೆ ನನ್ನ ಆಯ್ಕೆ ಪಶ್ಚಿಮ. ನದಿ, ಬಾವೊಬಾಬ್ ಮರ, ಕಲ್ಲಿನ ಕಾಡು ಮೂರೂ ಒಂದೇ ದಾರಿಯಲ್ಲಿ ಸಿಗುವುದು ಅಲ್ಲೇ.

ಕಾಲದ ಬಗ್ಗೆ ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಇದರ ಮೇಲೇ ನಿಂತಿದೆ. ಅದು ದಕ್ಷಿಣಾರ್ಧಗೋಳ. ನಮ್ಮ ಮಳೆಗಾಲ ಅವರ ಒಣ ಚಳಿಗಾಲ. ನವೆಂಬರಿನಿಂದ ಮಾರ್ಚ್‌ವರೆಗೆ ಮಳೆ, ಅದರಲ್ಲೂ ಜನವರಿಯಿಂದ ಮಾರ್ಚ್ ಚಂಡಮಾರುತಗಳ ಕಾಲ. 2022ರಲ್ಲಿ ಬತ್ಸಿರಾಯ್, 2023ರಲ್ಲಿ ಫ್ರೆಡ್ಡಿ, ಎರಡೂ ಫೆಬ್ರವರಿಯಲ್ಲೇ ಅಪ್ಪಳಿಸಿದವು. ಮಕ್ಕಳ ಬೇಸಿಗೆ ರಜೆಯಲ್ಲಿ, ಅಂದರೆ ಏಪ್ರಿಲ್–ಮೇಯಲ್ಲಿ, ಹೋಗೋಣವೆಂದರೆ ದೇಶವೇನೋ ಹಸಿರಾಗಿರುತ್ತದೆ, ಪಶ್ಚಿಮದ ದಾರಿ ಇನ್ನೂ ಕೆಸರಲ್ಲಿ ಹೂತಿರುತ್ತದೆ. ಜುಲೈ–ಆಗಸ್ಟ್ ಯುರೋಪಿನವರ ರಜೆ, ರೂಮುಗಳು ತುಂಬಿರುತ್ತವೆ, ಟಾನಾ ಮತ್ತು ಅಂಟ್ಸಿರಾಬೆಯ ಎತ್ತರದಲ್ಲಿ ರಾತ್ರಿ ಸ್ವೆಟರೂ ಸಾಲದಷ್ಟು ಚಳಿ. ನಮಗೆ ಹೇಳಿ ಮಾಡಿಸಿದ್ದು ದಸರಾ ರಜೆ. ಅಕ್ಟೋಬರಿನಲ್ಲಿ ದಾರಿ ಒಣಗಿರುತ್ತದೆ, ಲೀಮರ್‌ಗಳು ಮರಿಗಳನ್ನು ಬೆನ್ನ ಮೇಲೆ ಹೊತ್ತು ಓಡಾಡುತ್ತಿರುತ್ತವೆ, ಯುರೋಪಿಯನ್ನರ ಗುಂಪೂ ಕರಗಿರುತ್ತದೆ. ಪಶ್ಚಿಮದಲ್ಲಿ ಸೆಕೆ ಮಾತ್ರ ಹೇಳತೀರದು.

ಟಾನಾದಿಂದ ಮೊದಲು ಪೂರ್ವಕ್ಕೆ ಒಂದು ಸುತ್ತು ಹೋಗಿಬನ್ನಿ. ಸುಮಾರು 150 ಕಿ.ಮೀ. ದೂರದ ಅಂಡಸಿಬೆಯಲ್ಲಿ ಎರಡು ರಾತ್ರಿ ಉಳಿದರೆ ಇಂದ್ರಿಗಳನ್ನು ಕಾಣಬಹುದು. ಬಾಲವೇ ಇಲ್ಲವೆನ್ನುವಷ್ಟು ಮೊಂಡಾದ, ಲೀಮರ್ ಬಳಗದ ದೊಡ್ಡಣ್ಣ ಅದು. ಬೆಳಗಿನ ಹೊತ್ತು ಕುಟುಂಬ ಸಮೇತ ಕೂಗಿದರೆ ಆ ದನಿ ಕಣಿವೆ ದಾಟಿ ಕೇಳುತ್ತದೆ. ನೂರಕ್ಕೂ ಹೆಚ್ಚು ಜಾತಿಯ ಲೀಮರ್‌ಗಳಿದ್ದು, ಕಾಡಿನಲ್ಲಿ ಅವು ಸಹಜವಾಗಿ ಬದುಕಿರುವುದು ಈ ಒಂದೇ ದೇಶದಲ್ಲಿ. ಲೀಮರ್ ನೋಡುವ ಕೆಲಸ ಇಲ್ಲೇ ಮುಗಿಸಿಕೊಂಡರೆ ಪಶ್ಚಿಮದಲ್ಲಿ ಅವಸರಪಡಬೇಕಿಲ್ಲ.

ಮತ್ತೆ ಟಾನಾ, ಅಲ್ಲಿಂದ ಅಂಟ್ಸಿರಾಬೆ, ಆಮೇಲೆ ಬೆಟ್ಟ ಇಳಿದು ಮಿಯಾಂಡ್ರಿವಾಜೊ. ಇಲ್ಲಿ ಗಾಡಿ ಬಿಟ್ಟು ಸಿರಿಬಿಹಿನಾ ನದಿಯಲ್ಲಿ ದೋಣಿ ಹತ್ತಿ. ಮರದ ದಿಮ್ಮಿ ಕೊರೆದು ಮಾಡಿದ ಉದ್ದನೆಯ ಪಿರೋಗ್‌ನಲ್ಲಿ ಸುಮಾರು ಮೂರು ದಿನದ ಪಯಣ. ಕೆಂಪು ನೀರು, ದಡದಲ್ಲಿ ಕಾಡು, ರಾತ್ರಿ ಮರಳಿನ ಮೇಲೆ ಡೇರೆ, ಅಂಬಿಗರೇ ಬೇಯಿಸಿದ ಅನ್ನ. ಖಾಲಿ ಗಾಡಿಯನ್ನು ಡ್ರೈವರ್ ರಸ್ತೆಯಲ್ಲಿ ತಂದು ಬೆಲೊ ಪಟ್ಟಣದಲ್ಲಿ ಕಾಯುತ್ತಾನೆ. ದೋಣಿಗೆ ನೆರಳಿನ ಮಾಡು ಇದೆಯೇ, ಲೈಫ್ ಜಾಕೆಟ್ ಇದೆಯೇ ಎಂದು ಹಣ ಕೊಡುವ ಮೊದಲೇ ಕಣ್ಣಾರೆ ನೋಡಿ. ಮೊಸಳೆಗಳಿರುವ ನದಿ. ಅಂಬಿಗ ಬೇಡವೆಂದ ಕಡೆ ಕಾಲೂ ಅದ್ದಬೇಡಿ.

ಬೆಲೊದಿಂದ ಬೆಕೊಪಾಕಾ ಹಳ್ಳಿಗೆ ಹೋಗುವ ದಾರಿಯನ್ನು ಫೋರ್‌ ವೀಲ್ ಡ್ರೈವ್ ಗಾಡಿಯಲ್ಲಿ ಮಾತ್ರ ಕ್ರಮಿಸಬೇಕು. ಭದ್ರತೆಯ ಕಾರಣಕ್ಕೆ ಕೆಲವೊಮ್ಮೆ ಪ್ರವಾಸಿ ಗಾಡಿಗಳನ್ನು ಒಟ್ಟುಗೂಡಿಸಿ ಪೊಲೀಸರ ಜೊತೆಗೇ ಕಳಿಸುತ್ತಾರೆ. ಹೊರಡುವ ಸಮಯ ತಪ್ಪಿದರೆ ಆ ದಿನ ಹೋಯಿತೆಂದೇ ಲೆಕ್ಕ. ಕೊನೆಗೆ ಮನಂಬೋಲೊ ನದಿಯ ಬಾರ್ಜ್. ಎರಡು ಹಲಗೆಗಳ ಮೇಲೆ ಗಾಡಿ ಹತ್ತಿಸುವಾಗ ಒಬ್ಬ ಮುಂದೆ ನಿಂತು ಕೈಸನ್ನೆ ಮಾಡುತ್ತಾನೆ, ಚಕ್ರ ಒಂದು ಗೇಣು ಆಚೀಚೆಯಾದರೂ ಎಲ್ಲರೂ ಒಟ್ಟಿಗೆ ಕಿರುಚುತ್ತಾರೆ. ಡ್ರೈವರ್ ಮಾತ್ರ ಕ್ಯಾರೇ ಅನ್ನುವುದಿಲ್ಲ. ಪ್ರಯಾಣಿಕರು ಗಾಡಿಯಿಂದಿಳಿದು ದಾಟುವುದೇ ಸರಿ.

ಇಷ್ಟೆಲ್ಲ ಪಾಡು ಪಡುವುದು ಸಿಂಗಿಗಾಗಿ. ಬೆಮರಾಹಾದ ಈ ಸುಣ್ಣಕಲ್ಲಿನ ಪ್ರಸ್ಥಭೂಮಿಯನ್ನು ಮಳೆನೀರು ಲಕ್ಷಾಂತರ ವರ್ಷ ಕೊರೆದು ಸೂಜಿಗಳ ಕಾಡು ಮಾಡಿದೆ. 1990ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ದೊಡ್ಡ ಸಿಂಗಿಯೊಳಗೆ ಹೋಗುವ ಮುನ್ನ ಗೈಡ್ ಸೊಂಟಕ್ಕೆ ಹಾರ್ನೆಸ್ ಬಿಗಿಯುತ್ತಾನೆ. ಅದರಲ್ಲಿ ಎರಡು ಕೊಕ್ಕೆ. ಬಂಡೆಗೆ ಬಡಿದ ಉಕ್ಕಿನ ಕೇಬಲಿಗೆ ಒಂದನ್ನು ಸಿಕ್ಕಿಸಿದ ಮೇಲೇ ಇನ್ನೊಂದನ್ನು ಬಿಚ್ಚಬೇಕು. ಈ ನಿಯಮ ಐದು ನಿಮಿಷದಲ್ಲಿ ಕೈಗೆ ಒಗ್ಗುತ್ತದೆ. ಆದರೆ ದಣಿದಾಗ ಎರಡನ್ನೂ ಒಟ್ಟಿಗೆ ಬಿಚ್ಚುವ ಚಾಳಿ ಬರುತ್ತದೆ, ಹುಷಾರು. ಕೆಳಗೆ ಕಣಿವೆಯ ಸಂದಿಗಳು ಎಷ್ಟು ಕಿರಿದೆಂದರೆ ಬೆನ್ನಿನ ಚೀಲ ಕಳಚಿ ಕೈಯಲ್ಲಿ ಹಿಡಿದು ಅಡ್ಡಡ್ಡ ಸರಿಯಬೇಕು. ಹೊಟ್ಟೆ ಮುಂದಿದ್ದವರು ಗೈಡ್‌ಗೆ ಮೊದಲೇ ಹೇಳಿದರೆ ಬೇರೆ ಸುತ್ತು ಹಿಡಿಸುತ್ತಾನೆ. ಕತ್ತಲೆಯ ಗುಹೆಗಳಿಗೆ ಹಣೆಗೆ ಕಟ್ಟುವ ಟಾರ್ಚ್ ಬೇಕು. ಮೇಲೆ ಹತ್ತಿದರೆ ಸುತ್ತ ಬೂದುಬಣ್ಣದ ಮೊನೆಗಳು, ನಡುವೆ ತೂಗುಸೇತುವೆ, ಒಂದು ಬಾರಿಗೆ ಇಂತಿಷ್ಟೇ ಜನ. ಹಿಡಿದುಕೊಳ್ಳಲು ಬಂಡೆಗೆ ಕೈ ಹಾಕಿದರೆ ಅಂಗೈ ಕೊಯ್ಯುತ್ತದೆ, ಬೈಕ್ ಸವಾರರ ಗ್ಲೌಸ್ ಒಂದು ಜೊತೆ ಇದ್ದರೆ ಉಪಕಾರ. ಬೆಳಿಗ್ಗೆ ಬೇಗ ಹೋಗಿ, ಹನ್ನೊಂದರ ಹೊತ್ತಿಗೆ ಕಲ್ಲು ಕಾದ ಕಾವಲಿಯಾಗುತ್ತದೆ. ತಲೆಗೆ ಮೂರು ಲೀಟರ್ ನೀರು. ಎತ್ತರಕ್ಕೆ ಹೆದರುವವರಿಗೆ ಹಳ್ಳಿಯ ಪಕ್ಕದಲ್ಲೇ ಚಿಕ್ಕ ಸಿಂಗಿ ಇದೆ. ಅದನ್ನು ನೋಡಿದರೂ ಬಂದದ್ದು ವ್ಯರ್ಥವಾಗುವುದಿಲ್ಲ. ಬೆಕೊಪಾಕಾದಲ್ಲಿ ಮೂರು ರಾತ್ರಿಗಿಂತ ಕಡಿಮೆ ಇಡಬೇಡಿ. ಬರಲು ಒಂದು ದಿನ, ಹೋಗಲು ಒಂದು ದಿನ ಕಳೆಯುವ ಜಾಗದಲ್ಲಿ ಒಂದೇ ದಿನ ನಿಲ್ಲುವುದು ಹುಚ್ಚುತನ.

ಹಿಂತಿರುಗಿ ಮೊರೊಂಡಾವಾ ಪಟ್ಟಣದ ಕಡೆ ಬರುವಾಗ ಕಿರಿಂಡಿ ಕಾಡಿನಲ್ಲಿ ಒಂದು ರಾತ್ರಿ ತಂಗಿ. ಜಗತ್ತಿನ ಅತಿ ಚಿಕ್ಕ ಪ್ರೈಮೇಟ್, ಸುಮಾರು 30 ಗ್ರಾಂ ತೂಗುವ ಇಲಿ ಲೀಮರ್, ಅಲ್ಲಿ ರಾತ್ರಿ ಟಾರ್ಚಿನ ಬೆಳಕಿಗೆ ಸಿಕ್ಕರೂ ಸಿಗಬಹುದು. ದ್ವೀಪದ ದೊಡ್ಡ ಬೇಟೆಗಾರ ಪ್ರಾಣಿ ಫೋಸಾಗೂ ಅದೇ ಕಾಡು ಹೆಸರುವಾಸಿ. ಬಾವೊಬಾಬ್ ಸಾಲಿಗೆ ಸಂಜೆ ಐದರ ಸುಮಾರಿಗೆ ತಲುಪುವಂತೆ ಹೊರಡಿ. ಸವಣೂರಿನ ದೊಡ್ಡಹುಣಸೆ ಮಠದಲ್ಲಿರುವುದೂ ಬಾವೊಬಾಬೇ, ಆದರೆ ಆಫ್ರಿಕದ ಜಾತಿ, ಗಿಡ್ಡ ಮತ್ತು ದಪ್ಪ. ಮಡಗಾಸ್ಕರಿನದೇ ಆದ ಆರು ಜಾತಿಗಳಲ್ಲಿ ಒಂದಾದ ಗ್ರಾಂಡಿಡಿಯೇ ಬಾವೊಬಾಬ್ ನೆಟ್ಟ ಕಂಬದ ಹಾಗೆ ನೇರ, ಕೊಂಬೆಗಳೆಲ್ಲ ತುದಿಯಲ್ಲಿ ಮಾತ್ರ. ಸೂರ್ಯಾಸ್ತಕ್ಕೆ ಜನಜಂಗುಳಿ ಇರುತ್ತದೆ, ಇರಲಿ. ಎಲ್ಲರೂ ನೋಡುವುದನ್ನು ನಾನು ನೋಡುವುದಿಲ್ಲ ಎಂಬ ಹಟ ಇಲ್ಲಿ ಬೇಡ.

ಮೊರೊಂಡಾವಾದಿಂದ ಟಾನಾಗೆ ರಸ್ತೆಯಲ್ಲಿ ಸುಮಾರು 700 ಕಿ.ಮೀ., ಎರಡು ದಿನ. ದೇಶದೊಳಗಿನ ವಿಮಾನ ಇದೆ, ಆದರೆ ವೇಳಾಪಟ್ಟಿ ನಂಬುವಂಥದ್ದಲ್ಲ. ವಿಮಾನದಲ್ಲಿ ಬಂದರೂ ರಸ್ತೆಯಲ್ಲಿ ಬಂದರೂ ಊರಿಗೆ ಹೊರಡುವ ವಿಮಾನಕ್ಕೆ ಮುನ್ನ ಎರಡು ದಿನ ಖಾಲಿ ಇಟ್ಟುಕೊಳ್ಳಿ. ಕೊನೆಯ ದಿನವನ್ನೂ ಕಾರ್ಯಕ್ರಮದಿಂದ ತುಂಬಿಸುವವರು ಈ ದೇಶಕ್ಕೆ ಹೋಗಬಾರದು.

ಖರ್ಚಿನಲ್ಲಿ ದೊಡ್ಡ ಪಾಲು ಗಾಡಿಯದು. ಇಲ್ಲಿ ಸ್ವಂತ ಓಡಿಸುವ ಬಾಡಿಗೆ ಕಾರಿನ ಯೋಚನೆಯನ್ನೇ ಬಿಡಿ, ಗಾಡಿ ಜೊತೆ ಡ್ರೈವರ್ ಬರುವುದೇ ರೂಢಿ. ನಾಲ್ವರು ಸೇರಿದರೆ ಹೊರೆ ಹಗುರ. ಒಪ್ಪಂದದ ಮೊದಲು ಬರವಣಿಗೆಯಲ್ಲಿ ಕೇಳಬೇಕಾದವು: ಡೀಸೆಲ್ ಯಾರದು, ಡ್ರೈವರನ ಊಟ–ವಸತಿ ಯಾರದು, ಬಾರ್ಜ್ ಶುಲ್ಕ ಸೇರಿದೆಯೇ, ಸ್ಟೆಪ್ನಿ ಎಷ್ಟು, ಗಾಡಿ ಕೆಟ್ಟರೆ ಬದಲಿ ಗಾಡಿ ಎಲ್ಲಿಂದ ಬರುತ್ತದೆ, ಡ್ರೈವರಿಗೆ ಇಂಗ್ಲಿಷ್ ಬರುತ್ತದೆಯೇ. ಈ ಕೊನೆಯ ಪ್ರಶ್ನೆಗೆ ಉತ್ತರ ಹೆಚ್ಚಾಗಿ ‘ಇಲ್ಲ, ಫ್ರೆಂಚ್ ಮಾತ್ರ’ ಎಂದೇ ಬರುತ್ತದೆ. ಫೋನಿನಲ್ಲಿ ಅನುವಾದದ ಆ್ಯಪ್‌ಗೆ ಫ್ರೆಂಚ್ ಮತ್ತು ಮಲಗಾಸಿ ಇಳಿಸಿಕೊಂಡು ಹೋಗಿ. ಜೇಬು ಬಿಗಿಯಿದ್ದವರಿಗೆ ಟ್ಯಾಕ್ಸಿ–ಬ್ರುಸ್ ಎಂಬ ವ್ಯಾನುಗಳಿವೆ, ಸೀಟು ಭರ್ತಿಯಾದ ಮೇಲೆ ಹೊರಡುತ್ತವೆ. ರಾತ್ರಿ ಪ್ರಯಾಣ ಮಾತ್ರ ಯಾವುದರಲ್ಲೂ ಬೇಡ. ಜಾನುವಾರು ಕದಿಯುವ ದಹಲೊ ಗುಂಪುಗಳ ಹಾವಳಿ ದಕ್ಷಿಣದಲ್ಲಿ, ಪಶ್ಚಿಮದ ಕೆಲವೆಡೆ ನಿಜಕ್ಕೂ ಇದೆ.

ವಿಮಾನಕ್ಕೆ ಮುಂಬೈ ಅಥವಾ ದೆಹಲಿಯಿಂದ ಆಡಿಸ್ ಅಬಾಬಾ, ನೈರೋಬಿ, ಮಾರಿಷಸ್ ಮೂಲಕ ಹಾದಿ. ಇಲ್ಲೊಂದು ಮರೆತುಹೋಗುವ ತೊಡಕಿದೆ. ಮಡಗಾಸ್ಕರಿನಲ್ಲಿ ಹಳದಿ ಜ್ವರ ಇಲ್ಲ, ಆದರೆ ಇಥಿಯೋಪಿಯಾ, ಕೆನ್ಯಾದಲ್ಲಿ ಇದೆ. ಅಲ್ಲಿನ ನಿಲ್ದಾಣದಲ್ಲಿ ಹನ್ನೆರಡು ಗಂಟೆಗಿಂತ ಹೆಚ್ಚು ಕಾದು ಬಂದವರಿಗೆ ಮಡಗಾಸ್ಕರ್ ಲಸಿಕೆಯ ಕಾರ್ಡ್ ಕೇಳುತ್ತದೆ. ವಾಪಸ್ ಬರುವಾಗ ಏರ್‌ಲೈನ್ಸ್‌ನವರು ಪುಕ್ಕಟೆ ಹೋಟೆಲ್ ಕೊಟ್ಟರೆಂದು ನಿಲ್ದಾಣದ ಹೊರಗೆ ಕಾಲಿಟ್ಟಿರೋ, ಭಾರತದಲ್ಲಿ ಇಳಿದಾಗ ಕಾರ್ಡ್ ಇಲ್ಲದಿದ್ದರೆ ಆರು ದಿನದವರೆಗೆ ಕ್ವಾರಂಟೈನ್. ಆದ್ದರಿಂದ ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲಿ, ಹೊರಡುವುದಕ್ಕೆ ಕನಿಷ್ಠ ಹತ್ತು ದಿನ ಮೊದಲು, ಲಸಿಕೆ ಹಾಕಿಸಿಕೊಳ್ಳಿ. ಈಗ ಅದರ ಕಾರ್ಡ್ ಜೀವಮಾನಕ್ಕೂ ನಡೆಯುತ್ತದೆ. ಪ್ರವಾಸಿ ವೀಸಾ ಟಾನಾದ ಇವಾಟು ನಿಲ್ದಾಣದಲ್ಲೇ ಸಿಗುತ್ತದೆ, ಆನ್‌ಲೈನ್ ಅರ್ಜಿಯೂ ಇದೆ. ದರ ಆಗಾಗ ಬದಲಾಗುವುದರಿಂದ ಟಿಕೆಟ್ ಕೊಳ್ಳುವ ವಾರ ಮತ್ತೊಮ್ಮೆ ನೋಡಿ. ಪಾಸ್‌ಪೋರ್ಟ್ ಕನಿಷ್ಠ ಆರು ತಿಂಗಳು ಬಾಳುವಂತಿರಲಿ.

ದುಡ್ಡಿನ ಲೆಕ್ಕ ಸ್ವಲ್ಪ ತಮಾಷೆಯದು. ಅಲ್ಲಿನ ಹಣ ಅರಿಯರಿ. ಅತಿ ದೊಡ್ಡ ನೋಟು 20,000ದ್ದು, ಅದರ ಬೆಲೆ ನಾಲ್ಕೈದು ಡಾಲರ್. ಗಾಡಿಯ ಬಾಕಿ ತೀರಿಸುವ ದಿನ ಕಂತೆ ಕಂತೆ ಎಣಿಸಬೇಕು. ಹಳ್ಳಿ ಸಂತೆಗಳಲ್ಲಿ ಇನ್ನೂ ಹಳೆಯ ಫ್ರಾಂಕಿನಲ್ಲಿ ಬೆಲೆ ಹೇಳುವವರಿದ್ದಾರೆ. ಐದು ಫ್ರಾಂಕಿಗೆ ಒಂದು ಅರಿಯರಿ, ಹಾಗಾಗಿ ಬೆಲೆ ಕೇಳಿ ಬೆಚ್ಚಿಬಿದ್ದರೆ ಐದರಿಂದ ಭಾಗಿಸಿ ನೋಡಿ. ಯೂರೊ ನೋಟು ಒಯ್ಯಿರಿ, ಟಾನಾದಲ್ಲಿ ಬದಲಿಸಿ. ಬೆಲೊ, ಬೆಕೊಪಾಕಾ ಕಡೆ ಎಟಿಎಂ ನಂಬಬೇಡಿ. ಸಿಮ್ ಕೊಳ್ಳುವಾಗ ನಮ್ಮ ಪರಿಚಯದ ಏರ್‌ಟೆಲ್ ಫಲಕವೂ ಕಾಣುತ್ತದೆ, ಪಾಸ್‌ಪೋರ್ಟ್ ತೋರಿಸಿದರೆ ಸಾಕು.

ಊಟದ ಚಿಂತೆ ನಮ್ಮವರಿಗೆ ದೊಡ್ಡದು, ಅಲ್ಲಿ ಅಷ್ಟೇನಿಲ್ಲ. ಮೂರು ಹೊತ್ತೂ ಅನ್ನ ಉಣ್ಣುವ ಜನ ಅವರು. ಬೆಳಿಗ್ಗೆ ಬೀದಿಬದಿಯಲ್ಲಿ ಇದ್ದಿಲೊಲೆಯ ಮೇಲೆ ಗುಳಿಗಳಿರುವ ಕಾವಲಿಯಿಟ್ಟು ಅಕ್ಕಿಹಿಟ್ಟಿನ ಮೊಫೊ ಗಾಸಿ ಬೇಯಿಸುತ್ತಾರೆ. ಕಡ್ಡಿಯಿಂದ ಒಂದೊಂದನ್ನೇ ಮಗುಚುವುದನ್ನು ನೋಡಿದರೆ ಸಾಕ್ಷಾತ್ ಪಡ್ಡು, ಸಿಹಿ ಮಾತ್ರ. ಊಟವಾದ ಮೇಲೆ ತಳ ಹಿಡಿದ ಅನ್ನದ ಪಾತ್ರೆಗೆ ನೀರು ಹಾಕಿ ಕುದಿಸಿದ ಬಿಸಿ ನೀರು ಕುಡಿಯುತ್ತಾರೆ. ಕುದಿದದ್ದಾದ್ದರಿಂದ ಹೊಟ್ಟೆಗೆ ಭಯವಿಲ್ಲ. ಸಸ್ಯಾಹಾರಿಗಳು ‘ತ್ಸಿ ಮಿಹಿನನ ಹೆನ ಆಹೊ’ (ನಾನು ಮಾಂಸ ತಿನ್ನುವುದಿಲ್ಲ) ಎಂದು ಬಾಯಿಪಾಠ ಮಾಡಿಕೊಳ್ಳಿ. ಅನ್ನದ ಜೊತೆ ಹುರುಳಿಕಾಯಿಯಂಥ ತರಕಾರಿ, ಬೇಯಿಸಿದ ಬೀನ್ಸ್ ಕಾಳು, ಉಪ್ಪಿನಕಾಯಿಯ ಹಾಗಿರುವ ಲಸರಿ ಸಿಗುತ್ತದೆ. ಬೀದಿಯಲ್ಲಿ ಮಾರುವ ಸಂಬೋಸ್ ನಮ್ಮ ಸಮೋಸದ ರೂಪವೇ. ಆದರೆ ಒಳಗಿರುವುದು ಹೆಚ್ಚಾಗಿ ಕೈಮಾ, ಕೇಳಿ ತಿನ್ನಿ. ಗುಜರಾತಿನಿಂದ ತಲೆಮಾರುಗಳ ಹಿಂದೆ ಹೋಗಿ ನೆಲೆಸಿದ ವ್ಯಾಪಾರಿ ಕುಟುಂಬಗಳು ಊರೂರಲ್ಲಿವೆ. ಅವರನ್ನು ಅಲ್ಲಿ ‘ಕರಾನಾ’ ಎನ್ನುತ್ತಾರೆ.

‘ಫಾಡಿ’ ಎಂಬುದು ಆ ನೆಲದ ಕಟ್ಟುನಿಟ್ಟು, ಮಾಡಬಾರದ್ದರ ಪಟ್ಟಿ. ಊರಿಂದ ಊರಿಗೆ ಬೇರೆ. ಗೋರಿಗಳತ್ತ ಬೆರಳು ನೀಡಿ ತೋರಿಸುವುದು ಬಹಳ ಕಡೆ ಫಾಡಿ, ಬೆರಳು ಮಡಚಿ ತೋರಿಸಬೇಕು. ಹೊಸ ಊರಿಗೆ ಹೋದೊಡನೆ ‘ಇಲ್ಲಿ ಏನು ಫಾಡಿ?’ ಎಂದು ಗೈಡನ್ನು ಕೇಳಿದರೆ ಅವನಿಗೂ ಖುಷಿ, ಊರವರಿಗೂ ಗೌರವ. ಚಳಿಗಾಲದಲ್ಲಿ ಎತ್ತರದ ಸೀಮೆಯಲ್ಲಿ ಹಿರಿಯರ ಅಸ್ಥಿ ಹೊರತೆಗೆದು ಹೊಸ ಬಟ್ಟೆ ಸುತ್ತುವ ಫಮದಿಹಾನಾ ನಡೆಯುತ್ತದೆ. ಕರೆದರಷ್ಟೇ ಹೋಗಿ, ಕ್ಯಾಮೆರಾ ಚೀಲದಲ್ಲೇ ಇರಲಿ.

ದೇಶದ ಪರಿಸ್ಥಿತಿ ಇನ್ನೂ ಸ್ಥಿರವಾಗಿದೆ ಎನ್ನಲಾಗದು. ನೀರು, ವಿದ್ಯುತ್ ಕೊರತೆಯ ವಿರುದ್ಧ 2025ರ ಸೆಪ್ಟೆಂಬರಿನಲ್ಲಿ ಯುವಕರು ಬೀದಿಗಿಳಿದರು, ಅಕ್ಟೋಬರಿನಲ್ಲಿ ಅಧ್ಯಕ್ಷ ಆಂಡ್ರಿ ರಾಜೊಯೆಲಿನಾ ದೇಶ ಬಿಟ್ಟರು, ಸೇನೆ ಅಧಿಕಾರ ಹಿಡಿಯಿತು. ಟಿಕೆಟ್ ಕೊಳ್ಳುವ ಮೊದಲು ನಮ್ಮ ವಿದೇಶಾಂಗ ಇಲಾಖೆಯ ಸೂಚನೆ ಓದಿ, ಟಾನಾದ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಿ. ದಿನಾಂಕ ಬದಲಿಸಬಹುದಾದ ಟಿಕೆಟ್‌ಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಪ್ರವಾಸ ವಿಮೆಯಲ್ಲಿ ರೋಗಿಯನ್ನು ವಿಮಾನದಲ್ಲಿ ಬೇರೆ ದೇಶಕ್ಕೆ ಸಾಗಿಸುವ ವೆಚ್ಚ ಸೇರಿರಲೇಬೇಕು. ಪ್ರಾಣಾಪಾಯದ ಸ್ಥಿತಿಯಲ್ಲಿ ರೋಗಿಗಳನ್ನು ರಿಯೂನಿಯನ್, ಮಾರಿಷಸ್ ಅಥವಾ ದಕ್ಷಿಣ ಆಫ್ರಿಕಕ್ಕೆ ಒಯ್ಯುವುದೇ ಹೆಚ್ಚು.

ಇನ್ನು ಆರೋಗ್ಯ. ಕೆರೆ, ನಿಂತ ಹೊಳೆಯಲ್ಲಿ ಈಜಬೇಡಿ, ಚರ್ಮದ ಮೂಲಕ ಒಳಸೇರುವ ಬಿಲ್‌ಹಾರ್ಜಿಯಾ ಹುಳುವಿದೆ. ಪ್ಲೇಗ್ ಅಲ್ಲಿ ಇನ್ನೂ ಇದೆ, 2017ರಲ್ಲಿ ದೊಡ್ಡದಾಗಿ ಹರಡಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಪ್ರವಾಸಿಗರಿಗೆ ಅಪಾಯ ಕಡಿಮೆ, ಸುದ್ದಿ ಮಾತ್ರ ಗಮನಿಸಿ. ನಾಯಿ ಕಡಿತದ ಚಿಕಿತ್ಸೆ ಹಳ್ಳಿಗಾಡಿನಲ್ಲಿ ಸಿಗುವುದು ಕಷ್ಟ, ಮುಂಗಡ ರೇಬೀಸ್ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಿ. ಎಲ್ಲಕ್ಕಿಂತ ಗಂಭೀರವಾದದ್ದು ಮಲೇರಿಯಾ, ಅದರಲ್ಲೂ ಮಿದುಳಿಗೇರುವ ಫಾಲ್ಸಿಪಾರಮ್ ಬಗೆ. ಹೊರಡುವ ತಿಂಗಳು ಮೊದಲೇ ವೈದ್ಯರ ಬಳಿ ಹೋಗಿ ತಡೆ ಮಾತ್ರೆ ಬರೆಸಿಕೊಳ್ಳಿ, ಊರಿಗೆ ಬಂದ ಮೇಲೂ ಹೇಳಿದಷ್ಟು ದಿನ ನುಂಗಿ ಮುಗಿಸಿ. ಬಂದು ಮೂರು ತಿಂಗಳೊಳಗೆ ಜ್ವರ ಕಾಣಿಸಿಕೊಂಡರೆ ಕಷಾಯ ಕುಡಿದು ಕಾಯಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ ‘ಮಡಗಾಸ್ಕರ್‌ಗೆ ಹೋಗಿದ್ದೆ, ಮಲೇರಿಯಾಗೆ ರಕ್ತ ಪರೀಕ್ಷೆ ಮಾಡಿ’ ಎಂದು ನೀವೇ ಬಾಯಿಬಿಟ್ಟು ಹೇಳಿ.